ಮೊಬೈಲ್ ಹೇಳಿದ ತೀರ್ಪಿಗೆ ಸನದ್ ಎಲ್ಲಿ?

ಮೊನ್ನೆ ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಪರಿಚಯದ ಹಿರಿಯರೊಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ತಲಾಕ್ ಆದ ಮಗಳ ವಿಷಯ. ಕಾನೂನಿನಲ್ಲಿ ಏನಿದೆ ಅಂತ ಮೊಮ್ಮಗನ ಕೈಯಲ್ಲಿ ಎಐ ಆ್ಯಪ್ ಒಂದಕ್ಕೆ ಕೇಳಿಸಿದ್ದರು. ಇದ್ದತ್‌ನ ಖರ್ಚು ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎಂದು ಉತ್ತರ ಬಂದಿತ್ತು. ಕೆಳಗೆ ಸುಪ್ರೀಂ ಕೋರ್ಟಿನ ಒಂದು ಕೇಸಿನ ಹೆಸರು, ಇಸವಿ ಎಲ್ಲ ಇತ್ತು. "ಉಸ್ತಾದ್, ಇದು ಹೌದಾ?" ಎಂದು ಕೇಳಿದರು.

ಇಬ್ಬರೂ ಕುಳಿತು ಆ ಕೇಸ್ ಹುಡುಕಿದೆವು. ಎಲ್ಲೂ ಇಲ್ಲ. ಸಿಕ್ಕಿದ್ದು 2001ರ ಡ್ಯಾನಿಯಲ್ ಲತೀಫಿ ತೀರ್ಪು. 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯಲ್ಲಿ 'ಇದ್ದತ್‌ನ ಒಳಗೆ' ಕೊಡಬೇಕು ಎಂದಿದೆ. ಅದು ಕೊಡುವ ಗಡುವು ಮಾತ್ರ, ಮೊತ್ತ ಅವಳ ಮುಂದಿನ ಬದುಕಿಗೂ ಸಾಕಾಗುವಂತಿರಬೇಕು ಎಂದು ಐವರು ನ್ಯಾಯಾಧೀಶರ ಪೀಠ ಹೇಳಿದೆ. ಇನ್ನು 2024ರ ಜುಲೈ 10ರ ತೀರ್ಪಿನ ಪ್ರಕಾರ ಎಲ್ಲರಿಗೂ ಇರುವ ಜೀವನಾಂಶದ ಸಾಮಾನ್ಯ ಕಾನೂನಿನ ಬಾಗಿಲೂ ಅವಳಿಗೆ ತೆರೆದಿದೆ. ಈ ತೀರ್ಪುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅದರಲ್ಲಿ ಏನು ಬರೆದಿದೆ ಎಂಬುದು ಸರಿಯಾಗಿ ಗೊತ್ತಿರಬೇಕಲ್ಲ?

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಅದಕ್ಕೆ ಸುಳ್ಳು-ಸತ್ಯ ಗೊತ್ತಿಲ್ಲ. ಈ ಭಾಷಾ ಮಾದರಿಗಳು ಕೋಟಿಗಟ್ಟಲೆ ಬರಹ ಓದಿ, ಒಂದು ಪದದ ನಂತರ ಯಾವ ಪದ ಬರಬಹುದು ಎಂದು ಅಂದಾಜು ಮಾಡುತ್ತವೆ. ಕೇಸಿನ ಹೆಸರು ಹೇಗಿರುತ್ತದೆ ಎಂದು ಕಲಿತಿರುವ ಕಾರಣ, ಇಲ್ಲದ ಕೇಸನ್ನೂ ಇದ್ದ ಹಾಗೆ ಬರೆದುಬಿಡ್ತವೆ.

ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ನಕಲಿ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ನಮ್ಮ ಬೆಂಗಳೂರಿನಲ್ಲೂ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಕಂಡು 2025ರ ಮಾರ್ಚ್‌ನಲ್ಲಿ ಹೈಕೋರ್ಟ್ ಕ್ರಮಕ್ಕೆ ಸೂಚಿಸಿತು.

ಹಾಗಂತ ಈ ವಿದ್ಯೆಯೇ ಹರಾಂ ಎನ್ನುವಂತಿಲ್ಲ. ಖರಗ್‌ಪುರ ಐಐಟಿಯವರು ಭಾರತದ ಸುಮಾರು 54 ಲಕ್ಷ ಕಾನೂನು ದಾಖಲೆಗಳನ್ನು ಓದಿಸಿ ಒಂದು ಮಾದರಿ ತಯಾರಿಸಿದ್ದಾರೆ. ಇಂಥವು ಪದ ಹೊಂದದಿದ್ದರೂ ಅರ್ಥ ಹೊಂದುವ ಹಳೆಯ ತೀರ್ಪುಗಳನ್ನು ಹುಡುಕಲು ನೆರವಾಗುತ್ತವೆ. ವಕೀಲರು ದಿನಗಟ್ಟಲೆ ಪುಸ್ತಕ ತಿರುವುತ್ತಿದ್ದ ಕೆಲಸ ಬೇಗ ಮುಗಿಯುತ್ತದೆ. ಸುಪ್ರೀಂ ಕೋರ್ಟ್ 2019ರಿಂದ 'ಸುವಾಸ್' ಎಂಬ ತಂತ್ರಾಂಶದಿಂದ ತೀರ್ಪುಗಳನ್ನು ಕನ್ನಡವೂ ಸೇರಿ ನಮ್ಮ ಭಾಷೆಗಳಿಗೆ ಅನುವಾದಿಸುತ್ತಿದೆ. 2023ರಲ್ಲಿ ಶುರುವಾದ 'ಇ-ಎಸ್‌ಸಿಆರ್'ನಲ್ಲಿ ತೀರ್ಪುಗಳನ್ನು ಯಾರೂ ಉಚಿತವಾಗಿ ಓದಬಹುದು.

ಮದ್ರಸದಲ್ಲಿ ಕಲಿತವರಿಗೆ ಇದರ ಮದ್ದು ಹೊಸದಲ್ಲ. ಹದೀಸ್ ಕೇಳಿದ ಕೂಡಲೇ ನಮ್ಮ ಇಮಾಮರು ಒಪ್ಪಿಕೊಳ್ಳಲಿಲ್ಲ. ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು ಎಂದು ಸನದ್‌ನ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದರು. ಮಾತು ಎಷ್ಟು ಚಂದ ಇದ್ದರೂ ಸನದ್ ಇಲ್ಲದಿದ್ದರೆ ಬದಿಗಿಟ್ಟರು. ಮೊಬೈಲಿನ ಉತ್ತರಕ್ಕೂ ಅದೇ ಅಳತೆ.

ಉತ್ತರದಲ್ಲಿ ಕೇಸಿನ ಹೆಸರು ಇದ್ದರೆ ಇ-ಎಸ್‌ಸಿಆರ್‌ನಲ್ಲೋ 'ಇಂಡಿಯನ್ ಕಾನೂನ್'ನಲ್ಲೋ ಹುಡುಕಿ. ಸಿಗದಿದ್ದರೆ ಅದನ್ನು ನಂಬಿ ಹೆಜ್ಜೆ ಇಡಬೇಡಿ. ಸಿಕ್ಕಿದರೆ ಆ ಮಾತು ತೀರ್ಪಿನಲ್ಲಿ ನಿಜವಾಗಿ ಇದೆಯಾ ನೋಡಿ. ಅನುವಾದದಲ್ಲಿ ಸಂಶಯ ಬಂದರೆ ಇಂಗ್ಲಿಷ್ ಮೂಲವೇ ಅಂತಿಮ. ಕೊನೆಗೆ ಆ ಕಾಗದ ಹಿಡಿದು ವಕೀಲರ ಹತ್ತಿರ ಹೋಗಿ. ಮನೆಯ ಹೆಸರು, ಮಕ್ಕಳ ಹೆಸರು ಮಾತ್ರ ಆ್ಯಪ್‌ನಲ್ಲಿ ಬರೆಯಬೇಡಿ.

ಆ ಹಿರಿಯರು ಮರುದಿನವೇ ತೀರ್ಪಿನ ಪ್ರತಿ ತೆಗೆಸಿಕೊಂಡು ಮಗಳ ಜೊತೆ ವಕೀಲರಲ್ಲಿಗೆ ಹೋದರು. ಮೊಬೈಲಿನ ಮಾತು ನಂಬಿ ಮನೆಯಲ್ಲೇ ಕುಳಿತಿದ್ದರೆ ಆ ಹುಡುಗಿಯ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಾಹನು ಅವಳ ದಾರಿ ಸುಲಭ ಮಾಡಲಿ, ಆಮೀನ್.