ಒಂದು ತುತ್ತಿನ ತಪಸ್ಸು

ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆ ಕಬ್ಬು, ಬೆಲ್ಲಗಳ ನೆಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಸಿಹಿಯೇ ಇಲ್ಲಿನ ಗುರುತಾಯಿತು. ಗದ್ದೆಯಲ್ಲಿ ದಿನವಿಡೀ ದುಡಿದ ಹಿರಿಯರಿಗೆ ಎರಡು ಮುದ್ದೆಯೂ ಅಚ್ಚು ಬೆಲ್ಲವೂ ಅರಗುತ್ತಿದ್ದವು. ಇಂದು ಬೆವರು ನಿಂತಿದೆ, ಊಟ ಮಾತ್ರ ಹಾಗೆಯೇ ಉಳಿದಿದೆ. ಐವತ್ತರ ಹೊಸ್ತಿಲಲ್ಲಿ ವೈದ್ಯರು ಸಕ್ಕರೆ ಕಾಯಿಲೆಯೆಂದಾಗ ಮನುಷ್ಯ ಬೆಚ್ಚುತ್ತಾನೆ.

ಬೆಚ್ಚಿದವನ ಮೊದಲ ತಪ್ಪು ಆತುರ. ಇಪ್ಪತ್ತು ವರ್ಷ ಅಲಕ್ಷಿಸಿದ ದೇಹವನ್ನು ಇಪ್ಪತ್ತು ದಿನ ದಂಡಿಸಿ ಸರಿಪಡಿಸಲು ಹೊರಡುತ್ತಾನೆ. ಮಂಡಿ ನೋಯುತ್ತದೆ, ಮರುವಾರವೇ ಹಳೆಯ ರೂಢಿ ಮರಳುತ್ತದೆ. ಜೈನಧರ್ಮದ ಷೋಡಶ ಭಾವನೆಗಳಲ್ಲಿ ಒಂದರ ಹೆಸರು ‘ಶಕ್ತಿತಸ್ತಪ’. ಇರುವ ಶಕ್ತಿಯನ್ನು ಬಚ್ಚಿಡದೆ, ಇಲ್ಲದ ಶಕ್ತಿಯನ್ನು ತೋರಿಸಹೋಗದೆ ಮಾಡುವ ತಪಸ್ಸು ಅದು.

ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸದ ಬಳಿಕ ಬರುವುದು ಅವಮೋದರ್ಯ, ಅಂದರೆ ಹೊಟ್ಟೆ ತುಂಬುವ ಮೊದಲೇ ಏಳುವುದು. ಪುರುಷರ ಪೂರ್ಣಾಹಾರ 32 ತುತ್ತು, ಸ್ತ್ರೀಯರದು 28 ಎಂದು ಆಚಾರ್ಯರು ಎಣಿಸಿದರು. ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ತಪಸ್ಸೇ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಕೆಲವನ್ನೋ ಬಿಡಬೇಕು. ಇಂದಿನ ವೈದ್ಯರು ಕಡಿಮೆ ಮಾಡಿರೆನ್ನುವ ಎಣ್ಣೆ, ಸಿಹಿ, ಉಪ್ಪು ಮೂರೂ ಆ ಪಟ್ಟಿಯಲ್ಲಿವೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ವ್ರತವಂತೂ ಪ್ರತಿ ಜೈನ ಮನೆಗೂ ಪರಿಚಿತ. ಆದರೆ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು, ಊಟದ ಹೊತ್ತನ್ನೂ ಬದಲಿಸಬಾರದು. ರಕ್ತದ ಸಕ್ಕರೆ ಒಮ್ಮೆಲೇ ಇಳಿದರೆ ಪ್ರಾಣಕ್ಕೇ ಸಂಚಕಾರ. ಶಕ್ತಿ ಮೀರಿದ ವ್ರತದಿಂದ ತನಗೆ ತಾನೇ ಹಿಂಸೆ ಮಾಡಿಕೊಂಡಂತಾಗುತ್ತದೆ.

ದೇಹವು ಆತ್ಮವಲ್ಲವೆಂದ ಮೇಲೆ ಅದರ ಚಿಂತೆಯೇಕೆ ಎಂದು ಕೇಳುವವರುಂಟು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ನಿಂತ ಬಾಹುಬಲಿಯೇ ಅದಕ್ಕೆ ಉತ್ತರ. ಆತ ದೇಹದ ಮಮತೆ ತೊರೆದದ್ದು ನಿಜ. ಆದರೆ ವರ್ಷವಿಡೀ ಅಲುಗದೆ ನಿಂತದ್ದೂ ಆ ದೇಹದಲ್ಲಿಯೇ. ಸಾಮಾಯಿಕಕ್ಕೆ 48 ನಿಮಿಷ ಕುಳಿತುಕೊಳ್ಳಲೂ ಬೆನ್ನು ಸಹಕರಿಸಬೇಕು. ಆರೋಗ್ಯವನ್ನು ಮರಳಿ ಬಯಸುವುದು ಯೌವನದ ವ್ಯಾಮೋಹಕ್ಕಾದರೆ ಬಂಧನ, ಸಾಧನೆಗಾದರೆ ಧರ್ಮ.

ಗುಡ್ಡವನ್ನು ಒಂದೇ ಉಸಿರಿಗೆ ಏರಬೇಕಾಗಿಲ್ಲ. ಇಂದು ಹತ್ತು ಹೆಜ್ಜೆ ಏರಿ ಕುಳಿತು, ನಾಳೆ ಹನ್ನೊಂದು ಏರಿದರೂ ಸಾಕು. ರಾತ್ರಿಯ ಊಟದಲ್ಲಿ ಒಂದು ತುತ್ತು ತಟ್ಟೆಗೆ ಬೀಳುವ ಮೊದಲೇ ಪಾತ್ರೆಯಲ್ಲಿ ಉಳಿಯಲಿ. ತಪಸ್ಸು ಅಲ್ಲಿಂದಲೇ ಆರಂಭವಾಗುತ್ತದೆ.