ರೀಲಿಲ್ಲದ ಗಾಳ: ತೆಂಕರಾ ಕುರಿತ ತಪ್ಪು ಕಲ್ಪನೆಗಳು

ಉದ್ದನೆಯ ಕೋಲು, ಅದರ ತುದಿಗೆ ನೇರವಾಗಿ ಕಟ್ಟಿದ ದಾರ, ದಾರದ ಕೊನೆಗೆ ಹುಳುವಿನಂತೆ ತೋರುವ ಹಾಗೆ ನೂಲು ಮತ್ತು ಗರಿ ಸುತ್ತಿದ ಕೊಕ್ಕೆ, ಇಷ್ಟರಿಂದಲೇ ಮೀನು ಹಿಡಿಯುವ ಜಪಾನಿನ ವಿಧಾನಕ್ಕೆ ತೆಂಕರಾ ಎಂದು ಹೆಸರು. ಗರಿ ಸುತ್ತಿದ ಈ ಕೊಕ್ಕೆಯನ್ನು ಕೆಬರಿ ಎನ್ನುತ್ತಾರೆ. ಬೆಟ್ಟದ ತಣ್ಣನೆಯ ತೊರೆಗಳಲ್ಲಿ ವಾಸಿಸುವ ಯಮಮೆ, ಅಮಾಗೊ, ಇವಾನಾ ಎಂಬ ಸಾಲ್ಮನ್ ಕುಲದ ಮೀನುಗಳು ಇದರ ಮುಖ್ಯ ಗುರಿ. ಕಳೆದ ಕೆಲವು ದಶಕಗಳಲ್ಲಿ ಈ ವಿಧಾನ ಜಪಾನಿನಾಚೆಗೂ ಹಬ್ಬಿದ್ದು, ಅದರ ಜೊತೆಯಲ್ಲೇ ಹಲವು ತಪ್ಪು ಕಲ್ಪನೆಗಳೂ ಹಬ್ಬಿವೆ.

ರೀಲು, ಅಂದರೆ ದಾರ ಸುತ್ತಿಡುವ ಗಾಲಿ, ಇಲ್ಲದ ಮೇಲೆ ಇದು ಕೆರೆಯ ದಂಡೆಯಲ್ಲಿ ಕುಳಿತು ಹಾಕುವ ಬಿದಿರುಕೋಲಿನ ಗಾಳವೇ ಎಂದು ಭಾವಿಸುವವರು ಬಹಳ. ಹೊರನೋಟಕ್ಕೆ ಎರಡೂ ಒಂದೇ ಆದರೂ ಕೆಲಸ ಮಾಡುವ ರೀತಿ ಬೇರೆ. ಬಿದಿರುಕೋಲಿನ ಗಾಳದಲ್ಲಿ ಎರೆಹುಳು, ಬೆಂಡು, ಸೀಸದ ಗುಂಡುಗಳ ಭಾರವೇ ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಕೆಬರಿಗಾದರೋ ಹೇಳಿಕೊಳ್ಳುವಂಥ ತೂಕವೇ ಇಲ್ಲದ ಕಾರಣ, ಅದನ್ನು ಮುಂದಕ್ಕೆ ಒಯ್ಯುವುದು ದಾರದ ಸ್ವಂತ ತೂಕ ಮತ್ತು ಬಾಗಿ ಚಿಮ್ಮುವ ಕೋಲಿನ ಬಲ. ಬೀಸುವಾಗ ಕೋಲನ್ನು ನೆತ್ತಿಯಿಂದ ಹೆಚ್ಚು ಹಿಂದಕ್ಕೆ ಹೋಗಗೊಡದೆ ಕ್ಷಣಕಾಲ ನಿಲ್ಲಿಸಿ, ಹಿಂದೆ ದಾರ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಬೀಸಿ ಮತ್ತೆ ತಟ್ಟನೆ ನಿಲ್ಲಿಸಬೇಕು. ಇದಕ್ಕೆ ತೋಳಿನ ಬಲ ಬೇಕಿಲ್ಲ.

ರೀಲಿಲ್ಲದಿರುವುದು ಬಡತನದ ಗುರುತು, ಅನುಕೂಲವಿದ್ದಿದ್ದರೆ ಜಪಾನೀಯರೂ ರೀಲನ್ನು ಬಳಸುತ್ತಿದ್ದರು ಎಂಬ ಮಾತು ತೊರೆಯ ಸ್ವರೂಪವನ್ನು ಗಮನಿಸದೆ ಆಡಿದ್ದು. ಬಂಡೆಗಳ ನಡುವೆ ಇಳಿಯುವ ತೊರೆಯಲ್ಲಿ ಒಂದು ಮಾರಿನ ಅಗಲದಲ್ಲೇ ನೀರು ಒಂದೆಡೆ ರಭಸದಿಂದ, ಇನ್ನೊಂದೆಡೆ ನಿಧಾನವಾಗಿ ಹರಿಯುತ್ತದೆ. ದಾರ ನೀರಿನ ಮೇಲೆ ಮಲಗಿದರೆ ರಭಸದ ಸೆಳೆತವು ಅದನ್ನು ಎಳೆದು, ಅದರೊಂದಿಗೆ ಕೊಕ್ಕೆಯೂ ನಿಜವಾದ ಹುಳು ಎಂದೂ ಚಲಿಸದ ವೇಗದಲ್ಲಿ ಜಾರಿ, ಮೀನು ಅನುಮಾನದಿಂದ ದೂರ ಸರಿಯುತ್ತದೆ. ಮೂರರಿಂದ ನಾಲ್ಕೂವರೆ ಮೀಟರ್ ಉದ್ದದ ಕೋಲನ್ನು ಎತ್ತಿ ಹಿಡಿದಾಗ ಹಗುರವಾದ ದಾರವೆಲ್ಲ ಗಾಳಿಯಲ್ಲೇ ಉಳಿದು, ಕೆಬರಿ ಮತ್ತು ಅದಕ್ಕೆ ಕಟ್ಟಿದ ಸಣ್ಣ ಎಳೆಯ ತುದಿ ಮಾತ್ರ ನೀರನ್ನು ಮುಟ್ಟುವುದರಿಂದ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲದೆ ನಾಲ್ಕಾರು ಮೀಟರ್ ದೂರದ ಮೀನಿಗೆ ಸುತ್ತಿಡಬೇಕಾದಷ್ಟು ದಾರವೇ ಬೇಕಾಗುವುದಿಲ್ಲ.

ತೆಂಕರಾ ಸಮುರಾಯ್ ಯೋಧರ ಕಲೆ ಎಂಬ ಕಥೆ ಮಾರಾಟಕ್ಕೆ ಒದಗಿಬಂದಷ್ಟು ಇತಿಹಾಸಕ್ಕೆ ಒದಗುವುದಿಲ್ಲ. ಕಾಗಾ ಸಂಸ್ಥಾನದ ಸಮುರಾಯ್‌ಗಳು ಗರಿಯ ಗಾಳದಿಂದ ಹಿಡಿಯುತ್ತಿದ್ದುದು ಬಯಲಿನ ನದಿಗಳ ಆಯು ಎಂಬ ಮೀನನ್ನು, ಅದೂ ಬೇರೆ ವಿಧಾನದಿಂದ. ತೆಂಕರಾ ಬೆಳೆದದ್ದು ಹಿಡಿದ ಮೀನನ್ನು ಬೆಟ್ಟದ ವಸತಿಗೃಹಗಳಿಗೆ ಮಾರಿ ಬದುಕುತ್ತಿದ್ದ ಬೆಸ್ತರ ಕೈಯಲ್ಲಿ. ಅಂಥವರಿಗೆ ಹೊರೆ ಹಗುರವಾಗಿರುವುದು ಮತ್ತು ಬೇಗ ಮೀನು ಸಿಗುವುದು ಕಲೆಗಿಂತ ಮುಖ್ಯವಾಗಿತ್ತು.

ರೀಲಿಲ್ಲದೆ ಗರಿಯ ಗಾಳ ಬೀಸುವುದು ಜಪಾನಿನಲ್ಲಿ ಮಾತ್ರ ಕಂಡುಬರುವ ಸಂಗತಿಯೂ ಅಲ್ಲ. ರೋಮನ್ ಲೇಖಕ ಏಲಿಯನ್ ಸುಮಾರು 1800 ವರ್ಷಗಳ ಹಿಂದೆಯೇ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಸಿಕ್ಕಿಸಿ, ಆರಡಿಯ ಕೋಲಿಗೆ ಅಷ್ಟೇ ಉದ್ದದ ದಾರ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇಟಲಿಯ ವಾಲ್ಸೇಸಿಯಾ ಕಣಿವೆಯಲ್ಲಿ ಕುದುರೆಕೂದಲ ದಾರದ ಇಂಥದೇ ಪದ್ಧತಿ ಇಂದಿಗೂ ಉಳಿದಿದೆ. ಅಮೆರಿಕದಲ್ಲಿ ತೆಂಕರಾ ಜನಪ್ರಿಯವಾದುದು ಮಾತ್ರ ಈಚೆಗೆ, 2009ರಲ್ಲಿ ತೆಂಕರಾ ಗುರು ಹಿಸಾವೊ ಇಶಿಗಾಕಿ ಅವರು ಕ್ಯಾಟ್ಸ್‌ಕಿಲ್ ಪ್ರದೇಶದಲ್ಲಿ ಪ್ರಾತ್ಯಕ್ಷಿಕೆ ನೀಡಿದ ಆಸುಪಾಸಿನಲ್ಲಿ. ಒಂದೇ ಬಗೆಯ ಕೆಬರಿಯನ್ನು ಬಳಸಬೇಕೆಂಬುದು ನಿಯಮವೆಂದು ಹಲವರು ತಿಳಿದಿರುವುದಕ್ಕೂ ಇಶಿಗಾಕಿಯವರಂಥ ಗುರುಗಳ ರೂಢಿಯೇ ಕಾರಣ. ಅದು ಅವರ ಆಯ್ಕೆ, ಕಟ್ಟುಪಾಡಲ್ಲ.

ದೊಡ್ಡ ಮೀನು ಸಿಕ್ಕರೆ ಕೋಲು ಮುರಿಯುತ್ತದೆ ಎಂಬ ಭಯದಲ್ಲಿ ಅರ್ಧ ಸತ್ಯವಿದೆ. ಕೊಕ್ಕೆಗೆ ಕಟ್ಟುವ ಕೊನೆಯ ಎಳೆಯನ್ನು ಕೋಲಿಗಿಂತ ದುರ್ಬಲವಾಗಿರುವಂತೆ, ಸಾಮಾನ್ಯವಾಗಿ 0.15 ಮಿಲಿಮೀಟರಿಗಿಂತ ದಪ್ಪವಾಗದಂತೆ ಆರಿಸಿದರೆ, ಸೆಳೆತ ಮಿತಿಮೀರಿದಾಗ ತುಂಡಾಗುವುದು ಎಳೆಯೇ ಹೊರತು ಕೋಲಲ್ಲ. ಆದರೆ ಮೀನು ಓಡಿದಾಗ ದಾರ ಬಿಟ್ಟುಕೊಡಲು ರೀಲಿಲ್ಲವಾದ್ದರಿಂದ, ಕಾವೇರಿಯ ಮಾಶೀರ್‌ನಂಥ ಬಲಿಷ್ಠ ಮೀನಿಗೆ ಈ ಸಾಧನ ತಕ್ಕುದಲ್ಲ. ಆ ನದಿಯ ಹಂಪ್‌ಬ್ಯಾಕ್ ಮಾಶೀರ್ ಅಳಿವಿನ ತೀವ್ರ ಅಪಾಯದಲ್ಲಿದೆಯೆಂದು 2018ರಲ್ಲಿ ಐಯುಸಿಎನ್ ಪಟ್ಟಿ ಮಾಡಿರುವುದರಿಂದ ಅದರ ತಂಟೆಗೆ ಹೋಗದಿರುವುದೇ ಒಳಿತು.

ಹೊಸದಾಗಿ ಕಲಿಯುವವರು ಕೋಲಿನಷ್ಟೇ ಉದ್ದದ ದಾರದಿಂದ ಆರಂಭಿಸಬೇಕು. ಕೊಕ್ಕೆ ಕಲ್ಲಿಗೋ ಕೊಂಬೆಗೋ ಸಿಕ್ಕಿಕೊಂಡಾಗ ಕೋಲನ್ನು ಬಾಗಿಸಿ ಜಗ್ಗದೆ, ದಾರವನ್ನೇ ಕೈಯಲ್ಲಿ ಹಿಡಿದು ಎಳೆಯಬೇಕು. ಇಂದಿನ ಕೋಲುಗಳು ಬಿದಿರಿನವಲ್ಲ, ವಿದ್ಯುತ್ ಹರಿಸುವ ಕಾರ್ಬನ್ ನಾರಿನವು. ಆದ್ದರಿಂದ ತಲೆಯ ಮೇಲೆ ವಿದ್ಯುತ್ ತಂತಿ ಇರುವಲ್ಲಿ ಅಥವಾ ಗುಡುಗು ಕೇಳಿಸುವಾಗ ಕೋಲನ್ನು ಚಾಚಲೇಬಾರದು.