ಪದಸಾಹಚರ್ಯ ಮತ್ತು ಅನುವಾದ: ಇಂಗ್ಲಿಷಿನ 'ಅಟೆನ್ಷನ್' ಪದವನ್ನು ಕುರಿತು

ಇಂಗ್ಲಿಷಿನ 'ಅಟೆನ್ಷನ್' ಎಂಬ ನಾಮಪದಕ್ಕೆ ಗಮನ, ಲಕ್ಷ್ಯ, ಅವಧಾನ ಎಂಬ ಸಮಾನಪದಗಳು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಅರ್ಥದ ಮಟ್ಟದಲ್ಲಿ ಇವುಗಳ ಬಗೆಗೆ ಹೆಚ್ಚಿನ ತಕರಾರಿಲ್ಲ. ತೊಡಕು ಹುಟ್ಟುವುದು ಪದವು ವಾಕ್ಯದೊಳಕ್ಕೆ ಇಳಿದಾಗ. ಇಂಗ್ಲಿಷರು ಅಟೆನ್ಷನ್ ಅನ್ನು 'ಪೇ' ಮಾಡುತ್ತಾರೆ. ಕನ್ನಡಿಗರು ಗಮನವನ್ನು ಪಾವತಿ ಮಾಡುವುದಿಲ್ಲ, ಕೊಡುತ್ತಾರೆ ಇಲ್ಲವೆ ಹರಿಸುತ್ತಾರೆ. ಈ ವ್ಯತ್ಯಾಸ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ತಪ್ಪು ನಡೆಯುವುದು ವಿರಳ. ಆದರೆ ಇದೇ ನಾಮಪದದ ಇತರ ಜೊತೆಗಾರ ಪದಗಳ ವಿಷಯದಲ್ಲಿ ಅಷ್ಟು ಎಚ್ಚರ ಕಂಡುಬರುವುದಿಲ್ಲ. ಅನುವಾದದ ಕನ್ನಡ ಓದುಗರಿಗೆ ಪರಕೀಯವೆನಿಸಲು ಇರುವ ಕಾರಣಗಳಲ್ಲಿ ಇದೂ ಒಂದು.

ಒಂದು ಪದ ತನ್ನ ಜೊತೆಗೆ ಕೆಲವು ಪದಗಳನ್ನು ಮಾತ್ರ ಸೇರಿಸಿಕೊಂಡು, ಅರ್ಥದಲ್ಲಿ ಸಮೀಪವಾದ ಬೇರೆ ಪದಗಳನ್ನು ದೂರವಿಡುವ ಪ್ರವೃತ್ತಿಯನ್ನು ಇಂಗ್ಲಿಷಿನಲ್ಲಿ 'ಕಾಲೊಕೇಷನ್' ಎನ್ನುತ್ತಾರೆ. ಕನ್ನಡದಲ್ಲಿ ಪದಸಾಹಚರ್ಯ ಎನ್ನಬಹುದು. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸುಧಾರಣೆಗೆ ದುಡಿದ ಹೆರಾಲ್ಡ್ ಪಾಮರ್ 1933ರಲ್ಲಿಯೇ ಇಂತಹ ಜೋಡಣೆಗಳ ವಿಸ್ತಾರವಾದ ಪಟ್ಟಿಯನ್ನು ವರದಿಯ ರೂಪದಲ್ಲಿ ಪ್ರಕಟಿಸಿದರು. ಈ ಪರಿಕಲ್ಪನೆಗೆ ಭಾಷಾಶಾಸ್ತ್ರದಲ್ಲಿ ಗಟ್ಟಿಯಾದ ನೆಲೆ ದೊರಕಿಸಿದವರು ಜೆ.ಆರ್. ಫರ್ತ್. 1920ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಇವರು, ಪದದ ಅರ್ಥದ ಒಂದು ಪಾಲು ಅದರ ಒಡನಾಟದಲ್ಲಿಯೇ ಇದೆ ಎಂದು 1950ರ ದಶಕದ ಬರೆಹಗಳಲ್ಲಿ ಪ್ರತಿಪಾದಿಸಿದರು. ಜರ್ಮನ್ ನಿಘಂಟುಶಾಸ್ತ್ರಜ್ಞ ಎಫ್.ಜೆ. ಹೌಸ್‌ಮನ್ ಇದಕ್ಕೆ ಮುಖ್ಯವಾದ ಮಾತೊಂದನ್ನು ಸೇರಿಸಿದರು: ಜೋಡಿಯಲ್ಲಿ ಎರಡೂ ಪದಗಳು ಸಮಾನವಲ್ಲ. ಒಂದು ಆಧಾರಪದ, ಇನ್ನೊಂದು ಅದನ್ನು ಅವಲಂಬಿಸಿದ ಪದ. 'ಪೇ ಅಟೆನ್ಷನ್' ಎಂಬಲ್ಲಿ ಮಾತನಾಡುವವನ ಮನಸ್ಸಿಗೆ ಮೊದಲು ಬರುವುದು ನಾಮಪದ. ಕ್ರಿಯಾಪದವನ್ನು ಆರಿಸುವುದು ಆ ನಾಮಪದವೇ. ನಿಘಂಟು ರಚನೆಯ ದೃಷ್ಟಿಯಿಂದ ಈ ಮಾತಿನ ಪರಿಣಾಮ ದೊಡ್ಡದು.

'ಪೇ' ಎಂಬ ಕ್ರಿಯಾಪದವನ್ನು ಕಂಡು, ಇಂಗ್ಲಿಷರ ವ್ಯಾಪಾರಬುದ್ಧಿ ಭಾಷೆಯಲ್ಲಿಯೂ ಇಣುಕಿದೆ ಎಂದು ಹೇಳುವ ಆಸೆ ಯಾರಿಗಾದರೂ ಆದೀತು. ಅದು ಅವಸರದ ತೀರ್ಮಾನ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳು ಇದೇ ನಾಮಪದಕ್ಕೆ 'ಎರವಲು ಕೊಡು' ಎಂಬರ್ಥದ ಕ್ರಿಯಾಪದವನ್ನು ಬಳಸುತ್ತವೆ. ಜರ್ಮನ್ ಭಾಷೆಯಲ್ಲಿ ಗಮನವನ್ನು ಉಡುಗೊರೆಯಾಗಿ ನೀಡಲಾಗುತ್ತದೆ. ಇವುಗಳಿಂದ ಜನಾಂಗದ ಸ್ವಭಾವವನ್ನು ಅಳೆಯಹೊರಟರೆ ಫ್ರೆಂಚರು ಸಾಲಗಾರರೂ ಜರ್ಮನರು ದಾನಶೂರರೂ ಆಗಿಬಿಡುತ್ತಾರೆ. ವಾಸ್ತವವಾಗಿ ಇಂಗ್ಲಿಷಿನ 'ಪೇ' ಹಣಕ್ಕಷ್ಟೇ ಸೀಮಿತವಾದುದಲ್ಲ. ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬ ಅರ್ಥವೂ ಅದಕ್ಕಿದೆ. ಭೇಟಿ, ಪ್ರಶಂಸೆ, ಗೌರವ, ಶ್ರದ್ಧಾಂಜಲಿ ಇವೆಲ್ಲವೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದದೊಡನೆ ಬರುತ್ತವೆ. ಕನ್ನಡದ 'ಸಲ್ಲಿಸು' ಇದಕ್ಕೆ ಹತ್ತಿರದ ನೆಂಟ. ಗೌರವ ಸಲ್ಲಿಸುತ್ತೇವೆ, ಶ್ರದ್ಧಾಂಜಲಿ ಸಲ್ಲಿಸುತ್ತೇವೆ, ತೆರಿಗೆಯನ್ನೂ ಸಲ್ಲಿಸುತ್ತೇವೆ. ಆದರೆ ಗಮನ ಸಲ್ಲಿಸುವುದಿಲ್ಲ. ಈ ಮಿತಿಗೆ ತರ್ಕವಿಲ್ಲ, ರೂಢಿ ಮಾತ್ರ ಇದೆ. ಇಂಗ್ಲಿಷಿನಲ್ಲಿಯೂ 'ಇಂಟರೆಸ್ಟ್' ಅನ್ನು ಆಸಕ್ತಿಯ ಅರ್ಥದಲ್ಲಿ 'ಟೇಕ್' ಮಾಡಬೇಕು; 'ಪೇ' ಮಾಡಿದರೆ ಅದು ಬಡ್ಡಿಯಾಗುತ್ತದೆ.

ಅಟೆನ್ಷನ್‌ನೊಡನೆ ಬರುವ ಕ್ರಿಯಾಪದಗಳನ್ನು ಪರಿಶೀಲಿಸಿದರೆ ಅವು ಎರಡು ದಿಕ್ಕಿಗೆ ಸರಿಯುವುದು ಕಾಣುತ್ತದೆ. ಪೇ, ಗಿವ್, ಟರ್ನ್, ಡಿವೋಟ್, ಫೋಕಸ್ ಇವುಗಳಲ್ಲಿ ಕರ್ತೃ ತನ್ನ ಗಮನವನ್ನು ವಸ್ತುವಿನ ಕಡೆಗೆ ಕಳಿಸುತ್ತಾನೆ. ಅಟ್ರ್ಯಾಕ್ಟ್, ಡ್ರಾ, ಕ್ಯಾಚ್, ಹೋಲ್ಡ್, ಡೈವರ್ಟ್ ಇವುಗಳಲ್ಲಿ ಅನ್ಯರ ಗಮನವನ್ನು ಸೆಳೆಯುವುದೋ, ಹಿಡಿದಿಡುವುದೋ, ಬೇರೆಡೆಗೆ ತಿರುಗಿಸುವುದೋ ನಡೆಯುತ್ತದೆ. ಪದದ ಮೂಲವೂ ಇದಕ್ಕೆ ಹೊಂದುತ್ತದೆ: ಲ್ಯಾಟಿನ್ನಿನಲ್ಲಿ ಅದರ ಧಾತುವಿಗೆ 'ಕಡೆಗೆ ಚಾಚು' ಎಂಬ ಅರ್ಥ. ಸಂಸ್ಕೃತದಲ್ಲಿ 'ಹೋಗುವಿಕೆ' ಎಂದು ಅರ್ಥವಿರುವ 'ಗಮನ' ಕನ್ನಡದಲ್ಲಿ ಈ ಮನೋವ್ಯಾಪಾರಕ್ಕೆ ಹೆಸರಾಗಿರುವುದೂ, 'ಹರಿಸು', 'ಸೆಳೆ' ಎಂಬ ಚಲನವಾಚಿ ಕ್ರಿಯಾಪದಗಳು ಅದಕ್ಕೆ ಜೊತೆಯಾಗಿರುವುದೂ ಕುತೂಹಲಕರ. ಭಾರತದ ಸಂಸದೀಯ ವ್ಯವಹಾರದಲ್ಲಿ 1954ರಿಂದ ಬಳಕೆಗೆ ಬಂದ 'ಕಾಲಿಂಗ್ ಅಟೆನ್ಷನ್' ಎಂಬ ಕ್ರಮವನ್ನು ಕರ್ನಾಟಕದ ವಿಧಾನಮಂಡಲ 'ಗಮನ ಸೆಳೆಯುವ ಸೂಚನೆ' ಎಂದು ಕರೆಯುತ್ತದೆ. ಮೂಲದ 'ಕಾಲ್' ಅನ್ನು 'ಕರೆ' ಎಂದು ಅನುವಾದಿಸದೆ ಕನ್ನಡದ ನಾಮಪದ ಬಯಸುವ ಕ್ರಿಯಾಪದವನ್ನೇ ಹಾಕಿರುವುದು ಇದರ ಹೆಚ್ಚುಗಾರಿಕೆ. ಆಡಳಿತ ಕನ್ನಡವನ್ನು ಹಳಿಯುವ ಭರದಲ್ಲಿ ಇಂತಹ ಒಳ್ಳೆಯ ಮಾದರಿಗಳನ್ನು ಮರೆಯಬಾರದು.

ಇಷ್ಟು ಜಾಣತನ ವಿಶೇಷಣಗಳ ಅನುವಾದದಲ್ಲಿ ಉಳಿಯುವುದಿಲ್ಲ. 'ಕ್ಲೋಸ್ ಅಟೆನ್ಷನ್' ಎಂಬುದು 'ನಿಕಟ ಗಮನ'ವಾದರೆ ಕನ್ನಡ ಕಿವಿಗೆ ಒಗ್ಗುವುದಿಲ್ಲ. ಅಲ್ಲಿ ಬೇಕಾದುದು 'ಸೂಕ್ಷ್ಮವಾಗಿ ಗಮನಿಸು' ಎಂಬ ಕ್ರಿಯೆ. 'ಅನ್‌ಡಿವೈಡೆಡ್ ಅಟೆನ್ಷನ್' ಎಂಬುದಕ್ಕೆ 'ಅವಿಭಜಿತ ಗಮನ' ಎನ್ನುವುದಕ್ಕಿಂತ 'ಏಕಾಗ್ರತೆ' ಅಥವಾ 'ಮನಸ್ಸಿಟ್ಟು' ಎಂಬ ಮಾತು ಸಾಕು. ಇವು ಶೈಲಿಯ ದೋಷಗಳು. 'ಮೆಡಿಕಲ್ ಅಟೆನ್ಷನ್' ಹಾಗಲ್ಲ. ಔಷಧದೊಡನೆ ಬರುವ ಸೂಚನಾಪತ್ರದಲ್ಲಿ, ಇಂತಿಂಥ ಲಕ್ಷಣ ಕಂಡರೆ ಕೂಡಲೆ ಮೆಡಿಕಲ್ ಅಟೆನ್ಷನ್ ಪಡೆಯಬೇಕೆಂಬ ಎಚ್ಚರಿಕೆ ಇರುತ್ತದೆ. ಅದನ್ನು 'ವೈದ್ಯಕೀಯ ಗಮನ ಪಡೆಯಿರಿ' ಎಂದು ಕನ್ನಡಿಸಿದರೆ, ಆಸ್ಪತ್ರೆಗೆ ಧಾವಿಸಬೇಕು ಎಂಬ ತುರ್ತು ಓದುಗನಿಗೆ ತಲುಪುವುದಿಲ್ಲ. ವೈದ್ಯರ ಕಿವಿಗೆ ವಿಷಯ ಬಿದ್ದರೆ ಸಾಕು ಎಂದು ಅವನು ತಿಳಿಯಬಹುದು. ಈ ಜೋಡಿಯಲ್ಲಿ ಅಟೆನ್ಷನ್‌ನ ಅರ್ಥ ಗಮನವಲ್ಲ, ಚಿಕಿತ್ಸೆ. ನೆರೆಯ ಪದ ಬದಲಾದರೆ ನಾಮಪದದ ಅರ್ಥವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಬಹುವಚನದಲ್ಲಿ ಇದೇ ಪದ ಒಬ್ಬರನ್ನು ಓಲೈಸುವ, ಕೆಲವೊಮ್ಮೆ ಬೇಡವಾಗಿ ಬೆನ್ನುಹತ್ತುವ ನಡವಳಿಕೆಯನ್ನು ಸೂಚಿಸುತ್ತದೆ. ಕವಾಯತಿನ ಆಜ್ಞೆಯಾದಾಗ ಅದು ದೇಹದ ನಿಲುವು. ಆ ಆಜ್ಞೆಗೆ ಹಿಂದಿಯಲ್ಲಿ 'ಸಾವಧಾನ್' ಎಂದಿದೆ. ಅವಧಾನಸಹಿತ ಎಂಬ ಅದೇ ಸಂಸ್ಕೃತ ಪದ ಕನ್ನಡದಲ್ಲಿ 'ಸಾವಧಾನವಾಗಿ' ಎಂದಾಗ ನಿಧಾನ, ತಾಳ್ಮೆ ಎಂಬರ್ಥಕ್ಕೆ ತಿರುಗಿದೆ.

ತೊಡಕು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಇದೆ. 'ಗಮನ'ದ ವ್ಯಾಪ್ತಿ 'ಅಟೆನ್ಷನ್'ಗಿಂತ ಹಿರಿದು. ವಿಭಕ್ತಿಪ್ರತ್ಯಯ ಬದಲಾದಂತೆ ಇಂಗ್ಲಿಷ್ ಬೇರೆ ಬೇರೆ ನಾಮಪದಗಳನ್ನು ಕೇಳುತ್ತದೆ. 'ಗಮನ ಕೊಡು' ಎಂಬಲ್ಲಿ ಅಟೆನ್ಷನ್ ಸರಿ. 'ಗಮನಕ್ಕೆ ಬಂದಿದೆ' ಎಂಬಲ್ಲಿ ಅಟೆನ್ಷನ್ ಬರಬಹುದು, 'ನೋಟೀಸ್' ಕೂಡ ಬರಬಹುದು. 'ಗಮನದಲ್ಲಿಟ್ಟುಕೊಂಡು' ಎಂಬಲ್ಲಿ ಅಟೆನ್ಷನ್ ಬರುವಂತೆಯೇ ಇಲ್ಲ. 'ಮೈಂಡ್' ಅಥವಾ 'ವ್ಯೂ' ಬೇಕು. 'ಕೀಪಿಂಗ್ ಇನ್ ಅಟೆನ್ಷನ್' ಎಂದು ಬರೆಯುವ ವಿದ್ಯಾರ್ಥಿಗೆ ಪದದ ಅರ್ಥ ತಿಳಿಯದೆ ಇಲ್ಲ, ಅದರ ಸಂಗಡಿಗರು ತಿಳಿದಿಲ್ಲ. 'ಲಕ್ಷ್ಯ'ದ ನಡೆ ಇನ್ನೂ ಬೇರೆ: ಲಕ್ಷ್ಯ ಕೊಡುತ್ತೇವೆ, ಆದರೆ ಅಲಕ್ಷ್ಯ ಮಾಡುತ್ತೇವೆ ಅಥವಾ ತೋರುತ್ತೇವೆ, ಅಲಕ್ಷ್ಯ ಕೊಡುವುದಿಲ್ಲ. ಇಂಗ್ಲಿಷಿನ 'ಇನ್‌ಅಟೆನ್ಷನ್' ಕೂಡ 'ಪೇ' ಅನ್ನು ಹತ್ತಿರ ಸೇರಿಸುವುದಿಲ್ಲ. ಇದಲ್ಲದೆ ಇಂಗ್ಲಿಷ್ ನಾಮಪದಕ್ಕೊಂದು ಸಾಮಾನ್ಯ ಕ್ರಿಯಾಪದ ಜೋಡಿಸಿ ಹೇಳುವುದನ್ನು ಕನ್ನಡ ಎಷ್ಟೋ ವೇಳೆ ಒಂದೇ ಧಾತುವಿನಲ್ಲಿ ಮುಗಿಸುತ್ತದೆ. ಗಮನಿಸು, ಅವಧರಿಸು, ಚಿತ್ತೈಸು, ಲಾಲಿಸು, ಕಿವಿಗೊಡು ಇವುಗಳ ಸಂಪತ್ತು ಹಳಗನ್ನಡ ನಡುಗನ್ನಡಗಳನ್ನು ಓದಿದವರಿಗೆ ಹೊಸದಲ್ಲ. ಇವುಗಳಲ್ಲಿ ಗೌರವದ ಅಂತರಗಳೂ ಅಡಗಿವೆ: ಚಿತ್ತೈಸಬೇಕೆಂದು ಬಿನ್ನವಿಸುವುದು ದೊರೆಗೆ, ಮಕ್ಕಳಿಗಲ್ಲ.

ಇಂಗ್ಲಿಷ್ ಕಲಿಯುವವರ ನೆರವಿಗೆ 1986ರಲ್ಲಿ ಬೆನ್ಸನ್ ದಂಪತಿ ಮತ್ತು ಇಲ್ಸನ್ ಅವರ ಪದಸಂಯೋಗ ನಿಘಂಟೂ, 2002ರಲ್ಲಿ ಆಕ್ಸ್‌ಫರ್ಡ್‌ನ ಪದಸಾಹಚರ್ಯ ನಿಘಂಟೂ ಬಂದವು. ಎರಡರಲ್ಲಿಯೂ ಕ್ರಿಯಾಪದವನ್ನು ಹುಡುಕಬೇಕಾದುದು ನಾಮಪದದ ಅಡಿಯಲ್ಲಿ. 1946ರಲ್ಲಿ ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಿಂದ ಮೊದಲ್ಗೊಂಡು ಕನ್ನಡದ ದ್ವಿಭಾಷಾ ನಿಘಂಟುಗಳ ಪರಂಪರೆ ಶ್ರೀಮಂತವಾದುದೇ. ಆದರೆ ಪಾರಿಭಾಷಿಕ ಪದಕೋಶಗಳ ಸ್ವರೂಪವೇ ಬೇರೆ. ಎಡಗಡೆ ಒಂದು ಪದ, ಬಲಗಡೆ ಒಂದು ಪದ ಎಂಬ ವಿನ್ಯಾಸದಲ್ಲಿ ಒಡನಾಟಕ್ಕೆ ಸ್ಥಳವಿಲ್ಲ. 'ಅಟೆನ್ಷನ್ = ಗಮನ' ಎಂಬ ಸಮೀಕರಣವನ್ನು ನಂಬಿದ ಅನುವಾದಕ 'ವೈದ್ಯಕೀಯ ಗಮನ'ಕ್ಕೆ ತಲುಪುವುದು ಸಹಜ. 'ಗಮನ' ಎಂಬ ಉಲ್ಲೇಖದ ಕೆಳಗೆ ಕೊಡು, ಹರಿಸು, ಸೆಳೆ ಎಂಬ ಕ್ರಿಯಾಪದಗಳನ್ನೂ, ಚತುರ್ಥಿಯಲ್ಲಿ ಬರು, ತರು ಎಂಬವನ್ನೂ, ಸಪ್ತಮಿಯಲ್ಲಿ ಇಟ್ಟುಕೊಳ್ಳು ಎಂಬುದನ್ನೂ ಬಿಡಿಬಿಡಿಯಾಗಿ ನಮೂದಿಸಿ, ಒಂದೊಂದರ ಎದುರಿಗೆ ಅದಕ್ಕೆ ಒಪ್ಪುವ ಇಂಗ್ಲಿಷ್ ನಾಮಪದವನ್ನು ಕೊಟ್ಟರೆ ಎಂಟು ಹತ್ತು ಸಾಲಾಗಬಹುದು. ಇಂತಹ ಕೆಲವು ನೂರು ನಾಮಪದಗಳ ಪಟ್ಟಿಯನ್ನು ಸಿದ್ಧಪಡಿಸುವುದು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ತಕ್ಕ ಕೆಲಸ. ಪತ್ರಿಕೆ, ಸುತ್ತೋಲೆ, ಪಠ್ಯಪುಸ್ತಕಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿ ದೊರೆಯುತ್ತದೆ.